ಉಚ್ಛ್ವಾಸದ ಸಾಕ್ಷಿಯೂ ಉಪವಾಸ ವ್ರತವೂ



ಕಾಲವನ್ನು ಉಸಿರಿನಿಂದ ಅಳೆಯುವ ಪದ್ಧತಿಯು ಜೈನಾಗಮಕ್ಕೆ ಹೊಸದಲ್ಲ. ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, ಮೂವತ್ತೆಂಟೂವರೆ ಲವಗಳಿಗೆ ಒಂದು ನಾಳಿ, ಎರಡು ನಾಳಿಗಳಿಗೆ ಒಂದು ಮುಹೂರ್ತ. ಹೀಗೆ ಗುಣಿಸುತ್ತ ಹೋದರೆ ಒಂದು ಮುಹೂರ್ತಕ್ಕೆ 3773 ಉಚ್ಛ್ವಾಸಗಳಾಗುವುವು. ಮುಹೂರ್ತವೆಂದರೆ 48 ನಿಮಿಷ. ಆದುದರಿಂದ ನಿಮಿಷಕ್ಕೆ ಸುಮಾರು 78 ಆಯಿತು. ಆರೋಗ್ಯವಂತನು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲವಷ್ಟೇ ಉಸಿರಾಡುವನಾದ್ದರಿಂದ ಈ ಲೆಕ್ಕವು ಉಸಿರಿಗಿಂತ ನಾಡಿಯ ಮಿಡಿತಕ್ಕೆ ಹೆಚ್ಚು ಹೊಂದುತ್ತದೆ ಎಂಬುದನ್ನು ಲೆಕ್ಕ ಬಲ್ಲವರು ಗಮನಿಸಬಹುದು. ಅದೇನೇ ಇರಲಿ, ಕಾಯೋತ್ಸರ್ಗದಲ್ಲಿ ನಿಂತ ಶ್ರಾವಕನು ಗಡಿಯಾರವನ್ನು ನೋಡುವುದಿಲ್ಲ. ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಇಪ್ಪತ್ತೇಳು ಉಚ್ಛ್ವಾಸಗಳಲ್ಲಿ ಜಪಿಸುವನು. ದೈವಸಿಕ ಪ್ರತಿಕ್ರಮಣಕ್ಕೆ ನೂರೆಂಟು ಉಚ್ಛ್ವಾಸಗಳೆಂದು ಶಾಸ್ತ್ರವು ವಿಧಿಸಿದೆ.

ಇಂದಿನ ವೈದ್ಯವಿಜ್ಞಾನವೂ ಉಸಿರನ್ನೇ ಹಿಡಿದು ಇನ್ನೊಂದನ್ನು ಅಳೆಯತೊಡಗಿದೆ. ಉಂಡ ಅನ್ನವು ಜಠರದಲ್ಲಿ ಎಷ್ಟು ಹೊತ್ತು ನಿಲ್ಲುವುದು, ಎಷ್ಟು ಬೇಗ ಕೆಳಗಿನ ಕರುಳಿಗೆ ಇಳಿಯುವುದು ಎಂಬುದನ್ನು ಹೊಟ್ಟೆಯೊಳಗೆ ನಳಿಕೆ ಇಳಿಸದೆ, ಕ್ಷಕಿರಣ ಬಿಡದೆ, ಬಾಯಿಂದ ಬಿಟ್ಟ ಗಾಳಿಯನ್ನು ಗಾಜಿನ ನಳಿಕೆಯಲ್ಲಿ ಹಿಡಿದಿಟ್ಟು ತಿಳಿಯುವ ಪರೀಕ್ಷೆ ಅದು. ಉಪವಾಸ ವ್ರತಗಳನ್ನು ಆಚರಿಸುವವರಿಗೆ ಇದು ಎರಡು ಕಾರಣಗಳಿಂದ ವಿಚಾರಾರ್ಹವಾಗಿದೆ. ವ್ರತಿಕರಲ್ಲಿ ಮಧುಮೇಹಿಗಳು ಹೆಚ್ಚುತ್ತಿದ್ದು ಅವರಿಗೆ ಈ ಪರೀಕ್ಷೆಯ ಅಗತ್ಯ ಬೀಳಬಹುದಾಗಿದೆ. ಅದಕ್ಕೂ ಮಿಗಿಲಾಗಿ, ಪರೀಕ್ಷೆಗೆಂದು ಕೊಡುವ ಆಹಾರದಲ್ಲಿಯೇ ಶ್ರಾವಕನ ಮೂಲಗುಣಕ್ಕೆ ಬಾಧಕವಾದ ವಸ್ತುವೊಂದಿದೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. ಆರು ಪರ್ಯಾಪ್ತಿಗಳಲ್ಲಿ ಆಹಾರ ಪರ್ಯಾಪ್ತಿಯೇ ಮೊದಲನೆಯದು, ಆನಾಪಾನ ಅಂದರೆ ಉಸಿರಾಟದ ಪರ್ಯಾಪ್ತಿ ನಾಲ್ಕನೆಯದು. ಇವೆರಡಕ್ಕೂ ಇರುವ ನಂಟನ್ನು ದೇಹಶಾಸ್ತ್ರವು ಹೀಗೆ ವಿವರಿಸುತ್ತದೆ: ಅನ್ನದಲ್ಲಿರುವ ಇಂಗಾಲವು ದೇಹದಲ್ಲಿ ಉರಿದು ಇಂಗಾಲದ ಡೈ ಆಕ್ಸೈಡ್ ಎಂಬ ವಾಯುವಾಗಿ ನಿಶ್ವಾಸದೊಡನೆ ಹೊರಬೀಳುತ್ತದೆ. ಈ ಇಂಗಾಲದಲ್ಲಿ ಎರಡು ಬಗೆ ಮುಖ್ಯ. ನೂರರಲ್ಲಿ ಸುಮಾರು 98.9 ಪಾಲು ಹಗುರವಾದ ಇಂಗಾಲ-12, ಉಳಿದ 1.1 ಪಾಲು ತುಸು ಭಾರವಾದ ಇಂಗಾಲ-13. ಈ ಭಾರದ ಇಂಗಾಲವು ವಿಕಿರಣ ಸೂಸುವುದಿಲ್ಲ, ನಿರಪಾಯಕಾರಿ. ಎಲ್ಲರ ದೇಹದಲ್ಲಿಯೂ ಹುಟ್ಟಿನಿಂದಲೇ ಇರುವಂಥದು. (ಇಲ್ಲಿ ವಿಜ್ಞಾನಿಗಳು ‘ಪರಮಾಣು’ ಎಂದು ಕರೆಯುವುದು ಆಗಮದ ಪರಮಾಣುವಲ್ಲ. ಒಡೆಯಬಹುದಾದ ಈ ಕಣವು ಆಗಮದ ಪರಿಭಾಷೆಯಲ್ಲಿ ಸ್ಕಂಧವೇ ಆಗುತ್ತದೆ. ಎರಡನ್ನೂ ಒಂದೆಂದು ಹೇಳಿ ಸಭೆಯಲ್ಲಿ ಚಪ್ಪಾಳೆ ಪಡೆಯುವ ಉಪನ್ಯಾಸಕರು ಇದನ್ನು ಗಮನಿಸುವುದು ಒಳ್ಳೆಯದು.)

ಭಾರದ ಇಂಗಾಲವನ್ನು ಹೆಚ್ಚಾಗಿ ಸೇರಿಸಿ ತಯಾರಿಸಿದ ವಸ್ತುವನ್ನು, ಸುಮಾರು 100 ಮಿಲಿಗ್ರಾಮಿನಷ್ಟು, ಒಂದು ತುತ್ತು ಅನ್ನದಲ್ಲಿ ಬೆರೆಸಿ ಉಣಿಸುವರು. ಆ ವಸ್ತುವು ಜಠರದ ಗೋಡೆಯಲ್ಲಿ ಹೀರಲ್ಪಡಬಾರದು. ಜಠರದ ಕೆಳಬಾಗಿಲನ್ನು ದಾಟಿ ಸಣ್ಣ ಕರುಳನ್ನು ಸೇರಿದೊಡನೆ ಬೇಗನೆ ರಕ್ತಕ್ಕೆ ಇಳಿದು, ಯಕೃತ್ತಿನಲ್ಲಿ ಉರಿದು, ಉಸಿರಾಗಿ ಹೊರಬರಬೇಕು. ಈ ದಾರಿಯಲ್ಲಿ ತಡವಾಗುವ ಹಂತವೆಂದರೆ ಜಠರದ ಬಾಗಿಲು ಒಂದೇ. ಆದುದರಿಂದ ಉಸಿರಿನಲ್ಲಿ ಭಾರದ ಇಂಗಾಲವು ಬೇಗನೆ ಏರಿದರೆ ಜಠರವು ಬೇಗ ಬರಿದಾಗುತ್ತಿದೆ, ನಿಧಾನವಾಗಿ ಏರಿದರೆ ಅನ್ನವು ಒಳಗೆ ನಿಂತಿದೆ ಎಂದು ತಿಳಿಯುವರು. ಬೆಲ್ಜಿಯಂ ದೇಶದ ಲೂವೆನ್ ನಗರದ ವೈದ್ಯರು 1993ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಆಕ್ಟನಾಯಿಕ್ ಆಮ್ಲವೆಂಬ, ತೆಂಗಿನೆಣ್ಣೆಯಲ್ಲಿಯೂ ಬೆಣ್ಣೆಯಲ್ಲಿಯೂ ಸಹಜವಾಗಿರುವ ಕೊಬ್ಬಿನಾಮ್ಲವನ್ನು ಬಳಸಿದ್ದರು. ಅಮೆರಿಕದಲ್ಲಿ 2015ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಇನ್ನೊಂದು ಕ್ರಮದಲ್ಲಿ ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿಯನ್ನು ಭಾರದ ಇಂಗಾಲದ ವಾಯುವಿನಲ್ಲಿಯೇ ಬೆಳೆಸಿ ಒಣಗಿಸಿ ಅನ್ನಕ್ಕೆ ಬೆರೆಸುವರು. ರೋಗಿಯು ರಾತ್ರಿಯಿಡೀ, ಕಡಿಮೆಯೆಂದರೆ ಎಂಟು ಗಂಟೆ, ಏನನ್ನೂ ಉಣ್ಣದೆ ಬಂದು ಮೊದಲು ಒಂದು ಉಸಿರನ್ನು ನಳಿಕೆಗೆ ಊದಿ ಕೊಡಬೇಕು. ಬಳಿಕ ಊಟ. ಆಮೇಲೆ 45, 90, 120, 150, 180, 240ನೆಯ ನಿಮಿಷಗಳಲ್ಲಿ ಒಂದೊಂದು ಉಸಿರು. ನಾಲ್ಕು ಗಂಟೆ ಓಡಾಡದೆ ಸುಮ್ಮನೆ ಕುಳಿತಿರಬೇಕು. ಏಕೆಂದರೆ ಮೈ ದಣಿದರೆ ಉಸಿರಿನ ವಾಯುವಿನ ಪ್ರಮಾಣವೇ ಬದಲಾಗುತ್ತದೆ. ಸಾಮಾಯಿಕಕ್ಕೆ ಕುಳಿತು ಅಭ್ಯಾಸವಿರುವವರಿಗೆ ಇದು ಕಷ್ಟವೆನಿಸಲಾರದು. ಬಿರಡೆ ಹಾಕಿದ ನಳಿಕೆಗಳನ್ನು ದೂರದ ಪ್ರಯೋಗಶಾಲೆಗೂ ಕಳಿಸಬಹುದು. ಹೀಗೆ ಉಸಿರೇ ಪಯಣ ಮಾಡುತ್ತದೆ, ರೋಗಿಯು ಮಾಡಬೇಕಾಗಿಲ್ಲ.

ಈ ವಿಧಾನಕ್ಕೆ ಮೊದಲು ಜಠರದ ಗತಿಯನ್ನು ತಿಳಿಯಲು ಮಾನವನು ಪಟ್ಟ ಪಾಡು ಕರುಣಾಜನಕವಾದುದು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣ ಕೂಲಿಯವನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಗಾಯವು ಮಾಯಿತಾದರೂ ಹೊಟ್ಟೆಯ ಮೇಲಿನ ರಂಧ್ರವು ಮುಚ್ಚಲೇ ಇಲ್ಲ. ಚಿಕಿತ್ಸೆ ಮಾಡಿದ ಸೇನಾವೈದ್ಯ ವಿಲಿಯಂ ಬೋಮಾಂಟ್ ರೇಷ್ಮೆ ದಾರಕ್ಕೆ ಆಹಾರದ ಚೂರುಗಳನ್ನು ಕಟ್ಟಿ ಆ ರಂಧ್ರದಿಂದ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿ, ಯಾವುದು ಎಷ್ಟು ಹೊತ್ತಿಗೆ ಕರಗಿತೆಂದು ಬರೆದಿಟ್ಟನು. 1833ರಲ್ಲಿ ಗ್ರಂಥವನ್ನೂ ಪ್ರಕಟಿಸಿದನು. ಜ್ಞಾನವೇನೋ ದೊರೆಯಿತು. ಆದರೆ ಜೀವಂತ ಮನುಷ್ಯನ ಬಡತನವನ್ನು ಬಳಸಿಕೊಂಡು ಅವನ ಒಡಲನ್ನು ವರ್ಷಗಟ್ಟಲೆ ಪಾತ್ರೆಯಂತೆ ಉಪಯೋಗಿಸಿದುದು ಅಹಿಂಸಕನ ಮನಸ್ಸಿಗೆ ಒಪ್ಪುವ ಮಾತಲ್ಲ. 1966ರಲ್ಲಿ ಬ್ರಿಟನ್ನಿನ ವೈದ್ಯರು ವಿಕಿರಣ ಸೂಸುವ ಲವಣವನ್ನು ಉಪಾಹಾರಕ್ಕೆ ಬೆರೆಸಿ ಹೊರಗಿನಿಂದಲೇ ಯಂತ್ರದಿಂದ ನೋಡುವ ಕ್ರಮವನ್ನು ತಂದರು. ಗಾಮಾ ಕ್ಯಾಮೆರಾದ ಆ ಪರೀಕ್ಷೆಯೇ ಇಂದಿಗೂ ಪ್ರಮಾಣವೆನಿಸಿದೆ. ಅದರ ಲೆಕ್ಕದಂತೆ ಗೊತ್ತುಪಡಿಸಿದ ಊಟದಲ್ಲಿ ಎರಡು ಗಂಟೆಗೆ ನೂರರಲ್ಲಿ ಅರವತ್ತಕ್ಕಿಂತ ಹೆಚ್ಚು, ನಾಲ್ಕು ಗಂಟೆಗೆ ಹತ್ತಕ್ಕಿಂತ ಹೆಚ್ಚು ಪಾಲು ಜಠರದಲ್ಲಿ ಉಳಿದಿದ್ದರೆ ಜಠರವು ನಿಧಾನವಾಗಿದೆಯೆಂದು ಅರ್ಥ. ಉಸಿರಿನ ಪರೀಕ್ಷೆಯು ವಿಕಿರಣವಿಲ್ಲದ್ದರಿಂದ ಮಕ್ಕಳಿಗೂ ಗರ್ಭಿಣಿಯರಿಗೂ ಅಂಜಿಕೆಯಿಲ್ಲ ಎಂಬುದೇ ಇದರ ಹೆಚ್ಚುಗಾರಿಕೆ. ಯಕೃತ್ತು, ಪುಪ್ಪುಸ, ಸಣ್ಣ ಕರುಳು, ಮೇದೋಜೀರಕ ಗ್ರಂಥಿ ಇವುಗಳ ಬೇನೆ ಇರುವವರಲ್ಲಿ ಮಾತ್ರ ಇದರ ಸಾಕ್ಷ್ಯವನ್ನು ನೆಚ್ಚುವಂತಿಲ್ಲ.

ಇನ್ನು ಬಾಧಕವಾದ ವಿಷಯ. ಆಕ್ಟನಾಯಿಕ್ ಆಮ್ಲವು ಕೊಬ್ಬಿನಲ್ಲಿ ಕರಗುವುದರಿಂದ ಅದನ್ನು ಕೋಳಿಮೊಟ್ಟೆಯ ಹಳದಿಯಲ್ಲಿ ಬೆರೆಸಿ ಬೇಯಿಸುವರು. ಸ್ಪಿರುಲಿನಾ ಪರೀಕ್ಷೆಯ ಸಿದ್ಧ ಊಟವೂ ಒಣಗಿಸಿದ ಮೊಟ್ಟೆಯ ಪುಡಿಯದೇ, ಜೊತೆಗೆ ಉಪ್ಪು ಬಿಸ್ಕತ್ತು ಮತ್ತು ನೀರು. ಗಾಮಾ ಕ್ಯಾಮೆರಾದ ಊಟದಲ್ಲಿ ಮೊಟ್ಟೆಯ ಬಿಳಿಭಾಗವಿದೆ. ಹೀಗೆ ಪಾಶ್ಚಾತ್ಯರು ತಮ್ಮ ಮುಂಜಾವಿನ ತಿಂಡಿಯನ್ನೇ ಜಗತ್ತಿನ ಅಳತೆಗೋಲನ್ನಾಗಿ ಮಾಡಿರುವರು.

ಇಳಕಲ್ಲಿನ ಒಬ್ಬ ವೃದ್ಧ ಶ್ರಾವಿಕೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಸೀರೆಯ ವ್ಯಾಪಾರ. ಮೂವತ್ತು ವರ್ಷಗಳಿಂದ ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ. ಹದಿನೈದು ವರ್ಷಗಳಿಂದ ಸಕ್ಕರೆ ಬೇನೆ. ಈಚೆಗೆ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ, ಬೆಳಿಗ್ಗೆ ವಾಂತಿಯಾದರೆ ಹಿಂದಿನ ದಿನದ ಊಟವೇ ಕಾಣುತ್ತದೆ. ನೆರೆಹೊರೆಯವರಲ್ಲಿ ಕೆಲವರು ‘ಉಪವಾಸ ಮಾಡಿ ಮಾಡಿ ಹೊಟ್ಟೆ ಒಣಗಿಸಿಕೊಂಡಳು’ ಎನ್ನುವರು. ಇನ್ನು ಕೆಲವರು ‘ಹಸಿವೇ ಆಗದಿರುವುದು ತಪಸ್ಸಿನ ಸಿದ್ಧಿ’ ಎಂದು ಕೈಮುಗಿಯುವರು. ಇಬ್ಬರ ಮಾತೂ ಅಜ್ಞಾನದ್ದು. ದೀರ್ಘಕಾಲದ ಮಧುಮೇಹವು ಜಠರವನ್ನು ಆಡಿಸುವ ನರವನ್ನು ಕೆಡಿಸಬಲ್ಲದು. ಆಗ ಜಠರವು ಅನ್ನವನ್ನು ಅರೆದು ಮುಂದೂಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಸಿವು ಇಲ್ಲದಿರುವುದು ಅಲ್ಲಿ ಕರ್ಮನಿರ್ಜರೆಯ ಲಕ್ಷಣವಲ್ಲ, ರೋಗದ ಲಕ್ಷಣ. ದೊಡ್ಡ ಊರಿನ ವೈದ್ಯರು ಆಕೆಗೆ ಉಸಿರಿನ ಪರೀಕ್ಷೆ ಆಗಬೇಕೆಂದು ಹೇಳಿದರೆಂದು ಇಟ್ಟುಕೊಳ್ಳಿ. ಮಗನು ಚೀಟಿಯನ್ನು ಓದಿ, ‘ಅವ್ವಾ, ಇದರಾಗ ಮೊಟ್ಟೆ ಐತಿ’ ಎಂದನು. ಅವ್ವ ಸೀರೆಯ ಸೆರಗನ್ನು ಬಾಯಿಗೆ ಹಿಡಿದು, ‘ಹಂಗಾದ್ರ ಪರೀಕ್ಷೇನ ಬ್ಯಾಡಪ್ಪಾ, ಬ್ಯಾನಿ ಇರೋವಷ್ಟು ದಿನ ಇರಲಿ’ ಎಂದಳು.

ಈ ಮಾತಿಗೆ ತಲೆದೂಗುವುದು ಸುಲಭ. ಆದರೆ ಅಷ್ಟಕ್ಕೇ ನಿಲ್ಲುವುದು ಆಕೆಗೆ ಮಾಡುವ ಅನ್ಯಾಯ. ಆಕೆಯ ಮುಂದೆ ಇರುವುದು ವ್ರತವೋ ಆರೋಗ್ಯವೋ ಎಂಬ ಎರಡೇ ದಾರಿಯೆಂದು ಯಾರು ಹೇಳಿದರು?

ಶಂಕೆ: ಈಗಿನ ಮೊಟ್ಟೆಗಳಲ್ಲಿ ಜೀವವಿರುವುದಿಲ್ಲ, ಮರಿಯಾಗದ ಮೊಟ್ಟೆಯು ಹಾಲಿನಂತೆಯೇ ಎನ್ನುವರಲ್ಲಾ?

ಸಮಾಧಾನ: ಇದು ವ್ಯಾಪಾರಿಗಳ ವಾದ. ಮರಿಯಾಗಲಿ ಆಗದಿರಲಿ, ಅದು ಪಂಚೇಂದ್ರಿಯ ಜೀವಿಯ ಶರೀರದೊಳಗೆ ಸಂತಾನಕ್ಕಾಗಿ ಉಂಟಾದ ಪಿಂಡ. ಮದ್ಯ, ಮಾಂಸ, ಮಧುಗಳನ್ನೂ ಐದು ಉದುಂಬರ ಫಲಗಳನ್ನೂ ತ್ಯಜಿಸಿದವನಿಗೆ ಅದು ಅಭಕ್ಷ್ಯವೇ. ಔಷಧವೆಂಬ ಹೆಸರಿನಿಂದ ಅದು ಭಕ್ಷ್ಯವಾಗುವುದಿಲ್ಲ.

ಶಂಕೆ: ಹಾಗಾದರೆ ಮೊಟ್ಟೆಯನ್ನು ಬಿಟ್ಟು ಸ್ಪಿರುಲಿನಾವನ್ನು ಮಾತ್ರ ತೆಗೆದುಕೊಳ್ಳಬಹುದೆ? ಅದು ಸಸ್ಯವಲ್ಲವೆ?

ಸಮಾಧಾನ: ಪಾಚಿ, ಹಾವಸೆ ಮುಂತಾದವನ್ನು ಮೂಲಾಚಾರದಲ್ಲಿ ಅನಂತಕಾಯ ವನಸ್ಪತಿಗಳ ಸಾಲಿನಲ್ಲಿ ಹೇಳಿದೆ. ಗೆಡ್ಡೆಗೆಣಸುಗಳನ್ನು ಬಿಟ್ಟವನು ಇಲ್ಲಿಯೂ ವಿಚಾರ ಮಾಡಬೇಕಾಗುವುದು. ಆದರೆ ಏಕೇಂದ್ರಿಯದ ಪ್ರಶ್ನೆಯನ್ನೂ ಪಂಚೇಂದ್ರಿಯದ ಪ್ರಶ್ನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ತನ್ನ ನಿಯಮ ಎಷ್ಟರದೆಂದು ತಿಳಿದು ಗುರುಗಳಲ್ಲಿ ಕೇಳಿ ನಡೆಯುವುದು ಯುಕ್ತ.

ಇವೆರಡನ್ನೂ ಬಿಟ್ಟರೂ ದಾರಿ ಮುಚ್ಚುವುದಿಲ್ಲ. ಭಾರದ ಇಂಗಾಲವನ್ನು ಸೇರಿಸಿದ ಸೋಡಿಯಂ ಅಸಿಟೇಟ್ ಎಂಬ ಲವಣವುಂಟು. ಅದು ನೀರಿನಲ್ಲಿ ಕರಗುತ್ತದೆ. ಹಾಲು ಮುಂತಾದ ದ್ರವಾಹಾರದಲ್ಲಿ ಬೆರೆಸಿ ದ್ರವವು ಜಠರದಿಂದ ಇಳಿಯುವ ವೇಗವನ್ನು ಅದರಿಂದ ಅಳೆಯುವರು. ಗಟ್ಟಿ ಆಹಾರವೇ ಬೇಕಾದರೆ ಗಾಮಾ ಕ್ಯಾಮೆರಾದ ಪರೀಕ್ಷೆಗೆ ದಕ್ಷಿಣ ಭಾರತದಲ್ಲಿ ಮೊಟ್ಟೆಗೆ ಬದಲಾಗಿ ಅಕ್ಕಿ ಉದ್ದುಗಳ ಇಡ್ಲಿಯನ್ನು ಬಳಸಿರುವುದುಂಟು. ಊಟ ಬೇರೆಯಾದರೆ ಸಹಜವಾದ ಕಾಲಮಾನವೂ ಬೇರೆಯಾಗುವುದರಿಂದ, ಆ ಊಟಕ್ಕೇ ಗೊತ್ತುಪಡಿಸಿದ ಅಂಕಿಗಳೊಡನೆ ಹೋಲಿಸಬೇಕು ಅಷ್ಟೇ. ಆದುದರಿಂದ ಶ್ರಾವಿಕೆಯು ಮಾಡಬೇಕಾದುದು ಪರೀಕ್ಷೆಯನ್ನು ತೊರೆಯುವುದಲ್ಲ. ಹೆಸರು ಬರೆಯಿಸುವ ದಿನವೇ ‘ತಾನು ಮೊಟ್ಟೆಯನ್ನು ಉಣ್ಣುವವಳಲ್ಲ, ಬೇರೆ ಊಟದ ವ್ಯವಸ್ಥೆ ಇದೆಯೆ’ ಎಂದು ಸ್ಪಷ್ಟವಾಗಿ ಕೇಳುವುದು. ನಾಚಿಕೆಯಿಂದ ಸುಮ್ಮನಿದ್ದು, ಮೇಜಿನ ಮುಂದೆ ಕುಳಿತ ಮೇಲೆ ತಟ್ಟೆಯನ್ನು ನೋಡಿ ಏಳುವವರಿಂದ ವೈದ್ಯನಿಗೂ ತೊಂದರೆ, ಧರ್ಮಕ್ಕೂ ಹಗುರ.

ಈ ಪರೀಕ್ಷೆಯಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆಯವರಿಗೆ ವಿಶೇಷವಾಗಿ ಸಂಬಂಧಿಸಿದ ಸ್ವಾರಸ್ಯವೊಂದಿದೆ. ಗಿಡಗಳು ಗಾಳಿಯಿಂದ ಇಂಗಾಲವನ್ನು ಹಿಡಿಯುವ ರೀತಿ ಒಂದೇ ತೆರನಾಗಿಲ್ಲ. ಅಕ್ಕಿ, ಗೋಧಿ, ತೊಗರಿ, ಹೆಸರು, ಕಡಲೆ, ಶೇಂಗಾ ಇವು ಒಂದು ಬಗೆ. ಜೋಳ, ಸಜ್ಜೆ, ನವಣೆ, ಗೋವಿನಜೋಳ, ಕಬ್ಬು ಇವು ಇನ್ನೊಂದು ಬಗೆ; ಇವು ಬಿಸಿಲುನಾಡಿನ ಬೆಳೆಗಳು, ಭಾರದ ಇಂಗಾಲವನ್ನು ಅಷ್ಟಾಗಿ ತಳ್ಳಿಹಾಕದೆ ಒಳಗೊಳ್ಳುವುವು. ಎರಡು ಬಗೆಗಳ ಅಂತರವು, ಆ 1.1 ಪಾಲಿನಲ್ಲಿ ಸಾವಿರಕ್ಕೆ ಸುಮಾರು ಹದಿನಾಲ್ಕು ಮಾತ್ರ. ಆದರೂ ಇಂದಿನ ಯಂತ್ರಗಳು ಅದನ್ನು ತಪ್ಪದೆ ಗುರುತಿಸುವುವು. ಎಂದರೆ ಎರಡು ಹೊತ್ತು ಜೋಳದ ರೊಟ್ಟಿ ತಿಂದು ಬೆಲ್ಲದ ಹೋಳಿಗೆ ಉಣ್ಣುವ ಹುನಗುಂದದ ರೈತನ ಉಸಿರು, ಬರಿಯ ಅನ್ನ ಉಣ್ಣುವ ಕರಾವಳಿಯವನ ಉಸಿರಿಗಿಂತ ತುಸು ಭಾರವಾಗಿಯೇ ಇರುವುದು. ಜೋಳದ ಕಣಿಕೆ ಮೇಯುವ ಎಮ್ಮೆಯ ಹಾಲಿನಲ್ಲಿಯೂ ಆ ಗುರುತು ಇಳಿದು ಬರುತ್ತದೆ. ಆದುದರಿಂದಲೇ ಪರೀಕ್ಷೆಯ ಹಿಂದಿನ ದಿನ ರೊಟ್ಟಿ, ಸಜ್ಜೆ, ಗೋವಿನಜೋಳ, ಸಕ್ಕರೆ, ಬೆಲ್ಲಗಳನ್ನು ಬಿಡಬೇಕೆಂದು ವೈದ್ಯರು ಹೇಳುವುದುಂಟು. ಇಲ್ಲವಾದರೆ ಪರೀಕ್ಷೆಯ ವಸ್ತುವಿನ ಸಾಕ್ಷ್ಯದಲ್ಲಿ ರೊಟ್ಟಿಯ ಸಾಕ್ಷ್ಯವೂ ಬೆರೆಯುತ್ತದೆ. ಮಲಪ್ರಭೆಯ ಎರೆಭೂಮಿಯವರಿಗೆ ಒಂದು ದಿನ ರೊಟ್ಟಿ ಬಿಡುವುದೆಂದರೆ ಅದೂ ಒಂದು ರಸಪರಿತ್ಯಾಗವೇ ಸರಿ.

ಕಬ್ಬಿನ ಮಾತು ಬಂದುದರಿಂದ ಆದಿಜಿನನ ಪಾರಣೆಯು ನೆನಪಾಗುವುದು ಸಹಜ. ಆರು ತಿಂಗಳ ಉಪವಾಸವು ಮುಗಿದ ಮೇಲೆಯೂ ಆಹಾರದಾನದ ವಿಧಿಯನ್ನು ಬಲ್ಲವರಿಲ್ಲದೆ ವೃಷಭಸ್ವಾಮಿಯು ಇನ್ನೂ ಹಲವು ತಿಂಗಳು ನಿರಾಹಾರನಾಗಿಯೇ ಸಂಚರಿಸಿದನು. ಹಸ್ತಿನಾಪುರದಲ್ಲಿ ಶ್ರೇಯಾಂಸನು ಜಾತಿಸ್ಮರಣೆಯಿಂದ ವಿಧಿಯನ್ನರಿತು ಇಕ್ಷುರಸವನ್ನು ನೀಡಿದನು. ಆ ದಿನವೇ ಅಕ್ಷಯ ತೃತೀಯೆ. ದೀರ್ಘ ಉಪವಾಸದ ಬಳಿಕ ಗಟ್ಟಿ ಅನ್ನವಲ್ಲ, ರಸ. ಜಠರವು ನೀರಿನಂಥ ದ್ರವವನ್ನು ನಿಮಿಷಗಳಲ್ಲಿ ಇಳಿಸುತ್ತದೆ. ಗಟ್ಟಿ ಆಹಾರವನ್ನಾದರೋ ಒಂದೆರಡು ಮಿಲಿಮೀಟರಿನಷ್ಟು ಸಣ್ಣಗಾಗುವವರೆಗೆ ಅರೆದಲ್ಲದೆ ಬಿಡುವುದಿಲ್ಲ. ಕೆಲವು ದಿನ ನಿರಾಹಾರವಾಗಿದ್ದ ಜಠರವು ಮೊದಲ ಆಹಾರವನ್ನು ಎಂದಿನಂತಲ್ಲದೆ ನಿಧಾನವಾಗಿ ಇಳಿಸುವುದೆಂಬುದೂ ಪರೀಕ್ಷೆಗಳಿಂದ ತಿಳಿದಿದೆ. ಹೆಸರುಬೇಳೆಯ ಕಟ್ಟು, ತಿಳಿಗಂಜಿಗಳಿಂದ ಪಾರಣೆ ಮಾಡಿಸುತ್ತಿದ್ದ ಹಿರಿಯ ಹೆಣ್ಣುಮಕ್ಕಳಿಗೆ ಇದನ್ನು ಯಂತ್ರವು ಹೇಳಬೇಕಾಗಿರಲಿಲ್ಲ. ಈಗಲಾದರೋ ದಶಲಕ್ಷಣ ಪರ್ವದ ಹತ್ತು ಉಪವಾಸ ಮುಗಿಸಿದವರಿಗೆ ಮೆರವಣಿಗೆ ಮಾಡಿಸಿ, ಸನ್ಮಾನ ಮಾಡಿ, ಕರಿದ ತಿಂಡಿಯ, ಸಿಹಿಯ ತಟ್ಟೆಗಳ ಮುಂದೆ ಕೂರಿಸುವ ರೂಢಿ ಅಲ್ಲಲ್ಲಿ ಕಾಣುತ್ತಿದೆ. ಕೊಬ್ಬು ಜಠರದ ಗತಿಯನ್ನು ಇನ್ನಷ್ಟು ತಡೆಯುತ್ತದೆ. ಬಹುದಿನದ ಉಪವಾಸದ ಬೆನ್ನಿಗೇ ಸಿಹಿಯನ್ನು ಹೇರಳವಾಗಿ ಉಂಡರೆ ರಕ್ತದಲ್ಲಿನ ರಂಜಕದ ಲವಣವೂ ಪೊಟ್ಯಾಸಿಯಮೂ ಹಠಾತ್ತನೆ ಇಳಿದು ಹೃದಯಕ್ಕೇ ಅಪಾಯವಾಗಬಹುದು. ಉಪವಾಸದಲ್ಲಿ ಕೆಡದ ದೇಹವನ್ನು ಪಾರಣೆಯಲ್ಲಿ ಕೆಡಿಸುವುದು ಯಾವ ಪ್ರಭಾವನೆ?

ಪ್ರೋಷಧೋಪವಾಸಕ್ಕೆ ಬರೋಣ. ಸಪ್ತಮಿಯ ಮಧ್ಯಾಹ್ನ ಒಮ್ಮೆ ಉಂಡು, ಅಷ್ಟಮಿಯಿಡೀ ಚತುರ್ವಿಧ ಆಹಾರವನ್ನು ತ್ಯಜಿಸಿ, ನವಮಿಯ ಮಧ್ಯಾಹ್ನ ಒಮ್ಮೆ ಉಣ್ಣುವುದರಿಂದ ಹದಿನಾರು ಯಾಮಗಳಾಗುವುವು, ಅಂದರೆ 48 ಗಂಟೆಗಳು. ಉಸಿರಿನ ಪರೀಕ್ಷೆಯ ಬೆಳಕಿನಲ್ಲಿ ನೋಡಿದರೆ, ಆರೋಗ್ಯವಂತನ ಜಠರವು ಸಪ್ತಮಿಯ ಸೂರ್ಯಾಸ್ತದ ಹೊತ್ತಿಗೆ ಬಹುಮಟ್ಟಿಗೆ ಬರಿದಾಗಿರುತ್ತದೆ. ಬಳಿಕ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಬಲವಾದ ಅಲೆಯೊಂದು ಜಠರದಿಂದ ಕರುಳಿನುದ್ದಕ್ಕೂ ಸಾಗಿ ಅರೆಯಲಾಗದ ನಾರು ಚೂರುಗಳನ್ನು ಗುಡಿಸಿಕೊಂಡು ಹೋಗುತ್ತದೆ. ಹೊಟ್ಟೆ ‘ಗುರ್’ ಎನ್ನುವುದು ಬಹುಮಟ್ಟಿಗೆ ಆಗಲೇ. ಉಳಿದ ನಲವತ್ತಕ್ಕೂ ಹೆಚ್ಚು ಗಂಟೆಗಳಲ್ಲಿ ದೇಹವು ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನೂ ಆಮೇಲೆ ಹೆಚ್ಚು ಹೆಚ್ಚಾಗಿ ಕೊಬ್ಬನ್ನೂ ಉರಿಸುವುದು. ಆ ಕೊಬ್ಬು ಎಲ್ಲಿಗೆ ಹೋಗುವುದೆಂದು ಕೇಳಿದರೆ ಬೆವರಾಗಿ ಹೋಗುವುದೆಂದು ಹಲವರು ಹೇಳುವರು. ಹತ್ತು ಕಿಲೋ ಕೊಬ್ಬು ಪೂರ್ತಿ ಕರಗಿದರೆ ಅದರಲ್ಲಿ ಸುಮಾರು 8.4 ಕಿಲೋ ಉಸಿರಿನ ವಾಯುವಾಗಿಯೇ ಹೋಗುತ್ತದೆ, ಉಳಿದುದು ನೀರಾಗುತ್ತದೆ ಎಂದು 2014ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಲೆಕ್ಕಹಾಕಿ ತೋರಿಸಿದರು. ಅಷ್ಟಮಿಯ ಸಂಜೆ ಬಸದಿಯಲ್ಲಿ ಕುಳಿತ ಉಪವಾಸಿಯು ಬಿಡುವ ಉಸಿರಿನಲ್ಲಿ ಆ ದಿನದ ಅನ್ನವಿಲ್ಲ. ತಿಂಗಳುಗಳ ಹಿಂದೆ, ಯಾವುದೋ ಹಬ್ಬದಲ್ಲಿ, ಯಾರದೋ ಮದುವೆಯಲ್ಲಿ, ಬೇಕಾದುದಕ್ಕಿಂತ ಹೆಚ್ಚಾಗಿ ಉಂಡುದು ಈಗ ಹೊರಗೆ ಹೋಗುತ್ತಿದೆ. ಸತ್ತೆಯಲ್ಲಿ ಕುಳಿತ ಹಳೆಯ ಕರ್ಮವು ತಪಸ್ಸಿನಿಂದ ಉದಯಕ್ಕೆ ಬಂದು ಕಳಚುವ ನಿರ್ಜರೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಕ್ಕುವುದು ದುರ್ಲಭ. ಆದರೆ ದೃಷ್ಟಾಂತವು ಏಕದೇಶವಾದುದು. ಕೊಬ್ಬು ಕರಗಿದ್ದೆಲ್ಲ ನಿರ್ಜರೆಯಾಗುವುದಾದರೆ ಬರಗಾಲದಲ್ಲಿ ಗುಳೆ ಹೋದವರೆಲ್ಲ ಮುಕ್ತರಾಗಬೇಕಾಗಿತ್ತು.

ಇದನ್ನು ಕುರಿತೇ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ಶಬ್ದಾದಿ ವಿಷಯಗಳ ಕಡೆಗಿನ ಕಾತರವನ್ನು ಬಿಟ್ಟು ಇಂದ್ರಿಯಗಳು ಬಳಿಸಾರಿ ನೆಲಸುವುದೇ ಉಪವಾಸವೆಂದು ಶಬ್ದದ ಅರ್ಥವನ್ನು ಬಿಡಿಸಿರುವರು. ಜಠರದ ಬರಿದಾಗುವಿಕೆಯನ್ನು ಯಂತ್ರವು ಅಳೆಯಬಲ್ಲದು. ಕಾತರದ ಬರಿದಾಗುವಿಕೆಯನ್ನು ಅಳೆಯಲಾರದು. ರಾತ್ರಿಭೋಜನ ತ್ಯಾಗದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮಲಗುವ ಹೊತ್ತಿಗೆ ಜಠರವು ಬರಿದಾಗಿರುವುದು ಒಳ್ಳೆಯದೆಂದು ವೈದ್ಯರು ಹೇಳುವುದನ್ನು ಕೇಳಿ, ‘ನಮ್ಮ ನಿಯಮಕ್ಕೆ ವಿಜ್ಞಾನದ ಮುದ್ರೆ ಬಿತ್ತು’ ಎಂದು ಹಿಗ್ಗುವವರಿದ್ದಾರೆ. ನಿಯಮವು ಕತ್ತಲೆಯಲ್ಲಿ ಕಾಣದ ಸೂಕ್ಷ್ಮಜೀವಿಗಳ ದಯೆಗಾಗಿ ಹುಟ್ಟಿದುದು. ನಾಳೆ ವೈದ್ಯರ ಅಭಿಪ್ರಾಯ ಬದಲಾದರೆ ಇವರು ರಾತ್ರಿ ಉಣ್ಣುವರೋ?

ಅವಮೌದರ್ಯದಲ್ಲಿ ಮಾತ್ರ ಶಾಸ್ತ್ರವೂ ಜಠರವೂ ಒಟ್ಟಿಗೆ ಮಾತನಾಡುವುವು. ಮುನಿಯು ಹೊಟ್ಟೆಯ ಅರ್ಧವನ್ನು ಅನ್ನದಿಂದಲೂ ಮೂರನೆಯ ಪಾಲನ್ನು ನೀರಿನಿಂದಲೂ ತುಂಬಿ ನಾಲ್ಕನೆಯ ಪಾಲನ್ನು ವಾಯುವಿನ ಸಂಚಾರಕ್ಕೆಂದು ಬಿಡಬೇಕೆಂದು ಮೂಲಾಚಾರವು ಹೇಳುತ್ತದೆ. ಪುರುಷನಿಗೆ ಮೂವತ್ತೆರಡು, ಸ್ತ್ರೀಗೆ ಇಪ್ಪತ್ತೆಂಟು ತುತ್ತುಗಳೆಂದು ಪೂರ್ಣಾಹಾರದ ಲೆಕ್ಕವಿದ್ದು, ಅದರಿಂದ ಒಂದೊಂದೇ ತುತ್ತನ್ನು ಕಡಿಮೆ ಮಾಡುತ್ತ ಹೋಗುವುದು ಈ ತಪಸ್ಸು. ನಿಧಾನವಾದ ಜಠರದ ರೋಗಿಗೆ ಇಂದಿನ ವೈದ್ಯರು ಹೇಳುವುದೂ ಇದನ್ನೇ ಹೋಲುತ್ತದೆ: ಸ್ವಲ್ಪ ಸ್ವಲ್ಪವಾಗಿ, ಮೆತ್ತಗೆ ಮಾಡಿದ, ಕೊಬ್ಬು ನಾರು ಕಡಿಮೆಯಿರುವ ಆಹಾರವನ್ನು ಉಣ್ಣಬೇಕು. ಆದರೆ ಅವರು ದಿನಕ್ಕೆ ಐದಾರು ಬಾರಿ ಉಣ್ಣಲು ಹೇಳುವರು. ಏಕಭುಕ್ತದ ವ್ರತಿಯಾದ ಇಳಕಲ್ಲಿನ ಶ್ರಾವಿಕೆಗೆ ನಿಜವಾದ ಸಂಕಟವಿರುವುದು ಇಲ್ಲಿ. ಮೊಟ್ಟೆಯ ವಿಷಯದಲ್ಲಿ ಅಲ್ಲ.

ಆಕೆಯ ಪರೀಕ್ಷೆಯಲ್ಲಿ ಜಠರವು ನಿಧಾನವೆಂದು ತಿಳಿದುಬಂದರೆ ಅರ್ಥವಿಷ್ಟು: ಸಪ್ತಮಿಯ ಮಧ್ಯಾಹ್ನದ ಊಟವು ರಾತ್ರಿಯೂ ಹೊಟ್ಟೆಯಲ್ಲಿದೆ. ಊಟಕ್ಕೆ ಮುಂಚೆ ತೆಗೆದುಕೊಂಡ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತನ್ನ ಕೆಲಸವನ್ನು ವೇಳೆಗೆ ಸರಿಯಾಗಿ ಮಾಡುತ್ತದೆ. ಅನ್ನವು ವೇಳೆಗೆ ಬರುವುದಿಲ್ಲ. ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಮೂರ್ಛೆ. ಗಂಟೆಗಳ ತರುವಾಯ ಔಷಧದ ಬಲ ಕುಗ್ಗಿದಾಗ ಅನ್ನವು ಇಳಿಯುತ್ತದೆ, ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯು ತಾನೇ ಜಠರವನ್ನು ಮತ್ತಷ್ಟು ನಿಧಾನಗೊಳಿಸುತ್ತದೆ. ಇದರ ಮೇಲೆ ನಿರ್ಜಲವಾಗಿ 48 ಗಂಟೆ. ಸೆಮಾಗ್ಲುಟೈಡ್ ಮೊದಲಾದ ಈಚಿನ ಚುಚ್ಚುಮದ್ದುಗಳನ್ನು ತೆಗೆದುಕೊಳ್ಳುವವರಲ್ಲಿಯಂತೂ ಔಷಧವೇ ಜಠರವನ್ನು ನಿಧಾನಗೊಳಿಸುತ್ತದೆ. ಅವರಿಗೆ ಹಸಿವಿಲ್ಲದಿರುವುದನ್ನು ಕಂಡು ‘ಎಷ್ಟು ಸುಲಭವಾಗಿ ಉಪವಾಸ ಮಾಡುತ್ತಾರೆ’ ಎಂದು ಮೆಚ್ಚುವುದೂ ತಪ್ಪು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳನ್ನು ಹೇಳುವಾಗ ತ್ಯಾಗವನ್ನೂ ತಪಸ್ಸನ್ನೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣದೊಡನೆಯೇ ಹೇಳಿದೆ. ಷೋಡಶಕಾರಣ ವ್ರತವನ್ನು ಆಚರಿಸುವವರು ಆ ಹದಿನಾರನ್ನೂ ಬಾಯಿಪಾಠವಾಗಿ ಹೇಳುವರು. ಆದರೆ ಶಕ್ತಿಯನ್ನು ತಿಳಿಯುವ ಬಗೆ ಹೇಗೆಂದು ಕೇಳುವವರು ವಿರಳ. ಇಪ್ಪತ್ತರ ವಯಸ್ಸಿನಲ್ಲಿ ಇದ್ದ ಶಕ್ತಿಯೇ ಎಪ್ಪತ್ತರಲ್ಲಿಯೂ ಇದೆಯೆಂದು ಭ್ರಮಿಸುವುದು ದೃಢವ್ರತವಲ್ಲ, ದೇಹದ ಮೇಲಿನ ಅಭಿಮಾನದ ಇನ್ನೊಂದು ರೂಪ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿಯ ಕಾಲುತೋಳುಗಳನ್ನು ಬಳ್ಳಿ ಸುತ್ತಿರುವುದನ್ನು ನೋಡಿದವರು ವರ್ಷದ ನಿರಾಹಾರವನ್ನು ನೆನೆದು ಬೆರಗಾಗುವರು. ಆ ವರ್ಷವೆಲ್ಲ ಆತನಿಗೆ ಕೇವಲಜ್ಞಾನವಾಗದಂತೆ ತಡೆದುದು ಮನದಲ್ಲಿ ಉಳಿದಿದ್ದ ಒಂದು ಎಳೆಯಷ್ಟು ಶಲ್ಯ ಎಂಬ ಪುರಾಣದ ಮಾತನ್ನು ಅಲ್ಲಿಯೇ ನಿಂತು ನೆನೆಯುವವರು ಕಡಿಮೆ. ಹುನಗುಂದ ತಾಲೂಕಿನ ಐಹೊಳೆಯಲ್ಲಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಕಟ್ಟಿಸಿದ ಮೇಗುಟಿಯ ಜಿನಾಲಯದ ಮೆಟ್ಟಿಲುಗಳನ್ನು ಈ ಶ್ರಾವಿಕೆ ಒಂದು ಕಾಲಕ್ಕೆ ಉಪವಾಸವಿದ್ದೇ ಏರಿರಬಹುದು. ಈಗ ಕೆಳಗೆ ಕುಳಿತು ಕೈಮುಗಿದರೂ ದರ್ಶನವೇ.

ಆದುದರಿಂದ ಪರೀಕ್ಷೆಯ ಫಲವನ್ನು ಹಿಡಿದುಕೊಂಡು ಆಕೆಯು ಎರಡು ಕಡೆ ಹೋಗಬೇಕು. ವೈದ್ಯರ ಬಳಿಗೆ ಹೋಗಿ ತನ್ನ ಪರ್ವತಿಥಿಗಳನ್ನೂ ರಾತ್ರಿಭೋಜನ ತ್ಯಾಗವನ್ನೂ ಮುಚ್ಚಿಡದೆ ಹೇಳಿ, ಹಗಲಿನ ಹೊತ್ತಿನೊಳಗೇ ನಾಲ್ಕೈದು ಸಣ್ಣ ಊಟಗಳನ್ನು ಹೊಂದಿಸಲು, ಔಷಧದ ವೇಳೆಯನ್ನು ಬದಲಿಸಲು ಕೇಳಬೇಕು. ಗುರುಗಳ ಬಳಿಗೆ ಹೋಗಿ ಇದ್ದುದನ್ನು ಇದ್ದಂತೆ ಆಲೋಚನೆ ಮಾಡಿ, ಅನಶನದ ಬದಲು ಅವಮೌದರ್ಯ, ರಸಪರಿತ್ಯಾಗ, ಸ್ವಾಧ್ಯಾಯಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕೆಂದು ಪ್ರಾಯಶ್ಚಿತ್ತಪೂರ್ವಕವಾಗಿ ನಿಯಮವನ್ನು ಬದಲಿಸಿಕೊಳ್ಳಬೇಕು. ಮನೆಯವರು ‘ಅವ್ವ ವ್ರತ ಬಿಟ್ಟಳು’ ಎಂದು ಊರಿಗೆ ಹೇಳಿ ಆಕೆಯನ್ನು ನೋಯಿಸಬಾರದು. ಬಹಿರಂಗ ತಪಸ್ಸುಗಳು ಆರು, ಅವುಗಳಲ್ಲಿ ಅನಶನವು ಒಂದು.

ಪರೀಕ್ಷೆಗೆ ದಿನ ಗೊತ್ತುಮಾಡುವಾಗ ಅದು ಅಷ್ಟಮಿ, ಚತುರ್ದಶಿ ಆಗದಂತೆಯೂ ಅಷ್ಟಾಹ್ನಿಕದ ಎಂಟು ದಿನಗಳಲ್ಲಿ ಬೀಳದಂತೆಯೂ ಪಂಚಾಂಗವನ್ನು ನೋಡಿಕೊಳ್ಳತಕ್ಕದ್ದು. ಹಿಂದಿನ ದಿನ ಸೂರ್ಯಾಸ್ತಕ್ಕೆ ಮೊದಲೇ ಅನ್ನ, ಗೋಧಿಯ ಚಪಾತಿ, ಹೆಸರುಬೇಳೆಯ ಸಾರು ಉಂಡರೆ ಎಂಟು ಗಂಟೆಯ ನಿಯಮವು ತಾನಾಗಿಯೇ ಪಾಲನೆಯಾಗುವುದು. ಇನ್ಸುಲಿನ್, ಮಾತ್ರೆಗಳನ್ನು ಅಂದು ಬೆಳಿಗ್ಗೆ ಏನು ಮಾಡಬೇಕೆಂದು ಮೊದಲೇ ಕೇಳಿ ಬರೆಯಿಸಿಕೊಂಡಿರಬೇಕು. ಸಕ್ಕರೆ ಬಹಳ ಏರಿದ್ದರೆ ಪರೀಕ್ಷೆಯನ್ನು ಮುಂದೂಡುವರು. ನಾಲ್ಕು ಗಂಟೆ ಕುಳಿತಿರಬೇಕಾಗುವುದರಿಂದ ಓದಲು ಒಂದು ಗ್ರಂಥವನ್ನೂ, ಕಣ್ಣು ಮಂಜಾದವರು ಜಪಮಾಲೆಯನ್ನೂ ಜೊತೆಯಲ್ಲಿ ಒಯ್ಯಬಹುದು.